ಮೊದಲು ಕೊರತೆ, ಆಮೇಲೆ ಕ್ರೀಮು

ಅಮೆರಿಕದ ಸಿನ್ಸಿನಾಟಿಯ ಒಬ್ಬ ಶಸ್ತ್ರಚಿಕಿತ್ಸಕ ಆಪರೇಷನ್ ಮಾಡುವಾಗ ತನ್ನ ಕೈ ಬೆವರಬಾರದೆಂದು ಒಂದು ದ್ರವ ತಯಾರಿಸಿಕೊಂಡಿದ್ದ. ಅವನ ಮಗಳು ಎಡ್ನಾ ಮರ್ಫಿ ಅದನ್ನು ಕಂಕುಳಿಗೆ ಹಚ್ಚಿ ನೋಡಿದಳು. ಕೆಲಸ ಮಾಡಿತು. 'ಓಡೊರೊನೊ' ಎಂದು ಹೆಸರಿಟ್ಟು 1910ರ ದಶಕದಲ್ಲಿ ಮಾರಲು ಹೊರಟಳು. ಆರಂಭದಲ್ಲಿ ಕೇಳುವವರೇ ಇರಲಿಲ್ಲ. ಬೆವರು ಎಲ್ಲರಿಗೂ ಬರುತ್ತಿತ್ತು, ಸ್ನಾನ ಮಾಡಿದರೆ ಹೋಗುತ್ತಿತ್ತು. ಅದಕ್ಕೊಂದು ಮದ್ದು ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ.

1919ರಲ್ಲಿ ಜೆ. ವಾಲ್ಟರ್ ಥಾಂಪ್ಸನ್ ಎಂಬ ಜಾಹೀರಾತು ಸಂಸ್ಥೆಯ ಜೇಮ್ಸ್ ಯಂಗ್ ಇದಕ್ಕೊಂದು ಜಾಹೀರಾತು ಬರೆದ. 'ಲೇಡೀಸ್ ಹೋಮ್ ಜರ್ನಲ್' ಪತ್ರಿಕೆಯಲ್ಲಿ ಬಂದ ಆ ಜಾಹೀರಾತಿನ ಚಿತ್ರದಲ್ಲಿದ್ದದ್ದು ಪರಸ್ಪರ ಹತ್ತಿರ ನಿಂತ ಒಬ್ಬ ಹೆಣ್ಣು, ಒಬ್ಬ ಗಂಡು. ಮಾತಿನ ಸಾರ ಇಷ್ಟು: ನಿಮ್ಮ ಮೈಯಿಂದ ವಾಸನೆ ಬರುತ್ತಿರಬಹುದು, ಅದು ನಿಮಗೇ ಗೊತ್ತಾಗುವುದಿಲ್ಲ. ಓದುಗರು ಸಿಟ್ಟಾದರು. ಸುಮಾರು 200 ಮಂದಿ ಪತ್ರಿಕೆಯ ಚಂದಾ ನಿಲ್ಲಿಸಿದರು. ಆದರೆ ಓಡೊರೊನೊ ಕಂಪನಿಯ ಮಾರಾಟ ಶೇ 112ರಷ್ಟು ಏರಿ, 1920ರಲ್ಲಿ 4,17,000 ಡಾಲರ್ ಮುಟ್ಟಿತು.

ಮಹಿಳೆಯರ ಸೌಂದರ್ಯದ ಮಾನದಂಡಗಳನ್ನು ಜಾಹೀರಾತು ಹೇಗೆ ರೂಪಿಸುತ್ತದೆ ಎಂಬ ಪ್ರಶ್ನೆಗೆ ಬರುವ ಸಾಮಾನ್ಯ ಉತ್ತರ, 'ಸುಂದರಿಯರ ಚಿತ್ರ ತೋರಿಸಿ ಆಸೆ ಹುಟ್ಟಿಸುತ್ತದೆ' ಎನ್ನುವುದು. ಅದು ಅರ್ಧ ಸತ್ಯ. ಯಂಗ್ ಬರೆದ ಜಾಹೀರಾತಿನಲ್ಲಿ ಆಸೆಗಿಂತ ಹೆಚ್ಚಾಗಿದ್ದದ್ದು ಅನುಮಾನ. ಅದೂ ಪರೀಕ್ಷಿಸಿ ನಿವಾರಿಸಿಕೊಳ್ಳಲಾಗದಂಥ ಅನುಮಾನ. ನನಗೇ ತಿಳಿಯದ ದೋಷ ನನ್ನಲ್ಲಿದೆ, ಬೇರೆಯವರಿಗೆ ಅದು ಕಾಣುತ್ತಿದೆ, ಯಾರೂ ಹೇಳುತ್ತಿಲ್ಲ. ಈ ಭಾವನೆ ಒಮ್ಮೆ ಒಳಗೆ ಇಳಿದರೆ ಬಾಟಲಿ ಖಾಲಿಯಾದಂತೆಲ್ಲ ಇನ್ನೊಂದು ಕೊಳ್ಳಬೇಕಾಗುತ್ತದೆ.

ಮೈಮೇಲಿನ ಕೂದಲಿನ ಕಥೆಯೂ ಇದೇ ಕಾಲದ್ದು. ತೋಳಿಲ್ಲದ ಉಡುಪುಗಳು ಬಂದ ಹೊಸತರಲ್ಲಿ, 1915ರ ಹೊತ್ತಿಗೆ, ಕಂಕುಳ ಕೂದಲು ತೆಗೆಯುವ ಪುಡಿಯ ಜಾಹೀರಾತುಗಳು ಅಮೆರಿಕದ ಫ್ಯಾಷನ್ ಪತ್ರಿಕೆಗಳಲ್ಲಿ ಕಾಣಿಸಿಕೊಂಡವು. ಅದೇ ವರ್ಷ ಜಿಲೆಟ್ ಕಂಪನಿ ಹೆಂಗಸರಿಗೆಂದೇ 'ಮಿಲೇಡಿ ಡೆಕೊಲೆಟ್' ಎಂಬ ರೇಜರ್ ತಂದಿತು. ಗಂಡಸರ ಗಡ್ಡಕ್ಕೆ ಬ್ಲೇಡು ಮಾರುತ್ತಿದ್ದ ಕಂಪನಿಗೆ ಗಿರಾಕಿಗಳ ಸಂಖ್ಯೆಯನ್ನು ದುಪ್ಪಟ್ಟು ಮಾಡಿಕೊಳ್ಳಲು ಇದಕ್ಕಿಂತ ಸುಲಭದ ದಾರಿ ಇರಲಿಲ್ಲ. ಆಗ ಹೊಸ ಫ್ಯಾಷನ್ ಆಗಿದ್ದದ್ದು ಇಂದು ಲಕ್ಷಾಂತರ ಹೆಣ್ಣುಮಕ್ಕಳಿಗೆ 'ಶುಚಿತ್ವ'. ಫ್ಯಾಷನ್ನನ್ನು ಬೇಡ ಎನ್ನಬಹುದು. ಕೊಳಕಿ ಎನ್ನಿಸಿಕೊಳ್ಳುವ ಧೈರ್ಯ ಎಷ್ಟು ಜನಕ್ಕಿದೆ?

ಇನ್ನೂ ಸ್ಪಷ್ಟವಾದ ಉದಾಹರಣೆ ಸೆಲ್ಯುಲೈಟ್. ತೊಡೆಯ ಮೇಲಿನ ಚರ್ಮದಲ್ಲಿ ಕಾಣುವ ಸಣ್ಣ ಉಬ್ಬುತಗ್ಗುಗಳು ಇವು. ಮೈನೆರೆದ ಹೆಂಗಸರಲ್ಲಿ ಬಹುಪಾಲು ಎಲ್ಲರಿಗೂ ಇರುತ್ತವೆ, ತೆಳ್ಳಗಿರುವವರಿಗೂ. ಫ್ರಾನ್ಸಿನ ಸ್ಪಾಗಳಲ್ಲಿ, ಪತ್ರಿಕೆಗಳಲ್ಲಿ ಓಡಾಡುತ್ತಿದ್ದ ಈ ಹೆಸರನ್ನು 1968ರಲ್ಲಿ ಅಮೆರಿಕದ 'ವೋಗ್' ತನ್ನ ಓದುಗರಿಗೆ ಪರಿಚಯಿಸಿತು. ಹತ್ತರಲ್ಲಿ ಎಂಟೊಂಬತ್ತು ಮಂದಿಗೆ ಇರುವುದನ್ನು ರೋಗವೆಂದು ಕರೆಯುವುದು ವೈದ್ಯಶಾಸ್ತ್ರದ ದೃಷ್ಟಿಯಿಂದ ವಿಚಿತ್ರ. ವ್ಯಾಪಾರದ ದೃಷ್ಟಿಯಿಂದ ಮಾತ್ರ ಅದಕ್ಕಿಂತ ಒಳ್ಳೆಯ ರೋಗ ಸಿಗದು: ರೋಗಿಗಳು ಅಸಂಖ್ಯ, ಪ್ರಾಣಾಪಾಯವಿಲ್ಲ, ಪೂರ್ತಿ ವಾಸಿಯೂ ಆಗುವುದಿಲ್ಲ.

ಗುರಿ ಬದಲಾಗುತ್ತದೆ, ದೂರ ಬದಲಾಗುವುದಿಲ್ಲ

ಸೌಂದರ್ಯದ ಆದರ್ಶಗಳು ಒಂದೇ ದಿಕ್ಕಿಗೆ ಹೋಗಿದ್ದರೆ, 'ಇದು ಮನುಷ್ಯರ ಸಹಜ ಅಭಿರುಚಿ, ಕಂಪನಿಗಳು ಅದನ್ನು ಪೂರೈಸುತ್ತಿವೆ ಅಷ್ಟೆ' ಎನ್ನಬಹುದಿತ್ತು. ಅವು ಹಾಗೆ ಹೋಗಿಲ್ಲ. ಪಾಶ್ಚಾತ್ಯ ದೇಶಗಳಲ್ಲಿ 1920ರ ದಶಕ ಚಪ್ಪಟೆ ಎದೆಯನ್ನು ಬಯಸಿತು. 1950ರ ದಶಕಕ್ಕೆ ತುಂಬಿದ ಎದೆ, ಸಣ್ಣ ನಡು ಬೇಕಾಯಿತು. 1966ರಲ್ಲಿ ಟ್ವಿಗ್ಗಿ ಎಂಬ ಬ್ರಿಟಿಷ್ ಹುಡುಗಿ ಪ್ರಸಿದ್ಧಳಾದ ಮೇಲೆ ಕಡ್ಡಿಯಂಥ ಮೈ ಆದರ್ಶವಾಯಿತು. 2010ರ ದಶಕ ದಪ್ಪ ತುಟಿ, ಅಗಲ ಸೊಂಟ ಕೇಳಿತು. ಅದಕ್ಕಾಗಿ ಹೊಟ್ಟೆಯ ಕೊಬ್ಬು ತೆಗೆದು ಪೃಷ್ಠಕ್ಕೆ ತುಂಬುವ ಶಸ್ತ್ರಚಿಕಿತ್ಸೆಗಳು ನಡೆದವು. ಈಗ ಮಧುಮೇಹಕ್ಕೆಂದು ಬಂದ ಚುಚ್ಚುಮದ್ದುಗಳು ತೂಕ ಇಳಿಸುವ ಸಾಧನವಾಗಿ, ಮತ್ತೆ ತೆಳ್ಳಗಿನ ಮೈಯ ಕಾಲ ಬಂದಿದೆ.

ಚರ್ಮದ ಬಣ್ಣ ನೋಡಿ. ಬಿಸಿಲಲ್ಲಿ ದುಡಿಯುವವರ ಮೈ ಕಪ್ಪಾಗುವ ಕಾಲದಲ್ಲಿ ಬಿಳಿ ಮೈ ಎಂದರೆ ನೆರಳಿನಲ್ಲಿ ಕೂರುವ ಅಂತಸ್ತು. ಯುರೋಪು, ಅಮೆರಿಕಗಳಲ್ಲಿ ದುಡಿಮೆ ಕಾರ್ಖಾನೆ, ಕಚೇರಿಗಳೊಳಗೆ ಸೇರಿಕೊಂಡ ಮೇಲೆ ಇದು ತಲೆಕೆಳಗಾಯಿತು. ಸಮುದ್ರತೀರದಲ್ಲಿ ರಜೆ ಕಳೆಯಬಲ್ಲವರ ಗುರುತಾಗಿ 1920ರ ದಶಕದಿಂದಾಚೆಗೆ ಕಂದು ಬಣ್ಣವೇ ಫ್ಯಾಷನ್ ಆಯಿತು. ಹೀಗಾಗಿ ಇಂದು ಏಷ್ಯಾ, ಆಫ್ರಿಕಾಗಳ ಮಹಿಳೆಯರಿಗೆ ಮೈ ಬೆಳ್ಳಗಾಗಿಸುವ ಕ್ರೀಮು, ಯುರೋಪಿನ ಮಹಿಳೆಯರಿಗೆ ಮೈ ಕಂದಾಗಿಸುವ ಲೋಷನ್ನು. ಎಷ್ಟೋ ಬಾರಿ ಎರಡೂ ಒಂದೇ ಬಹುರಾಷ್ಟ್ರೀಯ ಕಂಪನಿಯ ಮಾಲು. ಯಾವ ಬಣ್ಣ ಚೆಂದ ಎಂಬುದರಲ್ಲಿ ಕಂಪನಿಗೆ ಸ್ವಂತ ಅಭಿಪ್ರಾಯವೇ ಇಲ್ಲ. ನಿಮ್ಮ ಬಣ್ಣ ಯಾವುದೋ ಅದು ಆಗಬಾರದು, ಅಷ್ಟೆ.

ಬೆಳ್ಳಗಾಗುವ ಹಂಬಲದ ಬೆಲೆಯನ್ನು ದೇಹವೂ ತೆತ್ತಿದೆ. ಇಂಥ ಕ್ರೀಮುಗಳಲ್ಲಿ ಪಾದರಸ ಬೆರೆಸುವುದು ಎಷ್ಟು ವ್ಯಾಪಕವಾಗಿತ್ತೆಂದರೆ, ಪಾದರಸದ ವಿರುದ್ಧದ ಮಿನಮಾಟಾ ಅಂತರರಾಷ್ಟ್ರೀಯ ಒಪ್ಪಂದದಲ್ಲಿ ಚರ್ಮ ಬೆಳ್ಳಗಾಗಿಸುವ ಸೌಂದರ್ಯವರ್ಧಕಗಳನ್ನು ಹೆಸರಿಸಿಯೇ ನಿರ್ಬಂಧಿಸಬೇಕಾಯಿತು. ಪಾದರಸ ಮೂತ್ರಪಿಂಡವನ್ನೂ ನರಮಂಡಲವನ್ನೂ ಹಾಳುಮಾಡುತ್ತದೆ.

ಗ್ರಾಹಕ ಸಂಸ್ಕೃತಿಯ ಒಳತರ್ಕ ಇಲ್ಲಿದೆ. ಕಾರ್ಖಾನೆಗಳು ಜನರ ಅಗತ್ಯಕ್ಕಿಂತ ಹೆಚ್ಚು ಸರಕು ತಯಾರಿಸುವ ಶಕ್ತಿ ಪಡೆದಾಗ ಅಗತ್ಯಗಳನ್ನೇ ತಯಾರಿಸುವ ಕೆಲಸ ಶುರುವಾಯಿತು. ಕುರ್ಚಿ ಕೊಂಡವರಿಗೆ ಕುರ್ಚಿ ಸಾಕಾಗಿಬಿಡುತ್ತದೆ. ಚೆಲುವು ಹಾಗಲ್ಲ, ಅದು ಸಾಕಾಯಿತು ಎಂದು ಹೇಳುವ ಅಳತೆಗೋಲು ಗ್ರಾಹಕಳ ಕೈಯಲ್ಲಿಲ್ಲ. ಗುರಿ ತಲುಪಿದ ಗ್ರಾಹಕಳು ಅಂಗಡಿಗೆ ಮರಳುವುದಿಲ್ಲವಾದ್ದರಿಂದ ಗುರಿಯನ್ನು ಸ್ವಲ್ಪ ಮುಂದೆ ಸರಿಸುತ್ತಲೇ ಇರಬೇಕು. ಮುಪ್ಪಿನ ವಿರುದ್ಧದ ಕ್ರೀಮುಗಳು ಈ ತರ್ಕದ ತುತ್ತತುದಿ. ವಯಸ್ಸು ಎಲ್ಲರಿಗೂ ಆಗುತ್ತದೆ, ದಿನವೂ ಆಗುತ್ತದೆ. 2017ರಲ್ಲಿ ಅಮೆರಿಕದ 'ಅಲ್ಯೂರ್' ಪತ್ರಿಕೆ 'ಆ್ಯಂಟಿ ಏಜಿಂಗ್' ಎಂಬ ಮಾತನ್ನು ಇನ್ನು ಬಳಸುವುದಿಲ್ಲ ಎಂದು ಘೋಷಿಸಿತು. ಅದಾದ ಕೆಲವೇ ವರ್ಷಗಳಲ್ಲಿ ಚರ್ಮವೈದ್ಯರು ಹತ್ತು ಹನ್ನೆರಡರ ಹುಡುಗಿಯರಿಗೆ ಸುಕ್ಕಿನ ಕ್ರೀಮು ಬೇಡ ಎಂದು ಬುದ್ಧಿ ಹೇಳುವ ಪರಿಸ್ಥಿತಿ ಬಂತು.

ನೋಡುವ ಕಣ್ಣು ಒಳಗೆ ಬಂದು ಕೂತಾಗ

'ಜಾಹೀರಾತು ನನ್ನ ಮೇಲೆ ಪರಿಣಾಮ ಬೀರುವುದಿಲ್ಲ, ಅದು ಸುಳ್ಳೆಂದು ನನಗೆ ಗೊತ್ತು' ಎನ್ನುವವರು ಬಹಳ. ಗೊತ್ತಿರುವುದು ನಿಜವೇ. ಆದರೆ ಗೊತ್ತಿರುವುದಕ್ಕೂ ಅನ್ನಿಸುವುದಕ್ಕೂ ನಡುವೆ ದೊಡ್ಡ ಕಂದಕವಿದೆ. ನಾವು ನಮ್ಮನ್ನು ಅಳೆದುಕೊಳ್ಳುವುದು ಸುತ್ತಲಿನವರ ಜೊತೆ ಹೋಲಿಸಿಕೊಂಡು ಎಂದು ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಜರ್ 1954ರಲ್ಲೇ ವಿವರಿಸಿದ್ದ. ಹಿಂದೆ ಆ ಸುತ್ತಲಿನವರೆಂದರೆ ನೆರೆಹೊರೆಯ ಕೆಲವು ಹತ್ತು ಮುಖಗಳು. ಈಗ ಒಂದು ದಿನದಲ್ಲಿ ಕಣ್ಣಮುಂದೆ ಹಾದುಹೋಗುವ ನೂರಾರು ಮುಖಗಳಲ್ಲಿ ಹೆಚ್ಚಿನವು ಆರಿಸಿದವು, ಬೆಳಕು ಹೊಂದಿಸಿದವು, ತಿದ್ದಿದವು. 'ಸಾಮಾನ್ಯವಾಗಿ ಹೆಣ್ಣು ಹೇಗಿರುತ್ತಾಳೆ' ಎಂಬ ಸರಾಸರಿಯನ್ನು ಮಿದುಳು ಇವುಗಳಿಂದಲೇ ಲೆಕ್ಕ ಹಾಕುತ್ತದೆ.

ಇದು ಎಷ್ಟು ಬೇಗ ನಡೆಯಬಹುದು ಎನ್ನುವುದಕ್ಕೆ ಫಿಜಿ ದ್ವೀಪದ ಅಧ್ಯಯನವೊಂದು ಪ್ರಸಿದ್ಧ. ಅಲ್ಲಿ ತುಂಬಿದ ಮೈಯೇ ಆರೋಗ್ಯದ, ಚೆಲುವಿನ ಲಕ್ಷಣವಾಗಿತ್ತು. ಯಾರಾದರೂ ಸೊರಗಿದರೆ ಮನೆಯವರಿಗೆ ಚಿಂತೆ. ನಡ್ರೋಗಾ ಪ್ರಾಂತ್ಯಕ್ಕೆ 1995ರಲ್ಲಿ ಟಿವಿ ಬಂತು. ಹಾರ್ವರ್ಡ್‌ನ ಆ್ಯನ್ ಬೆಕರ್ ಆ ವರ್ಷವೂ ಮೂರು ವರ್ಷಗಳ ನಂತರ 1998ರಲ್ಲೂ ಅಲ್ಲಿನ ಶಾಲಾ ಬಾಲಕಿಯರನ್ನು ಸಮೀಕ್ಷೆ ಮಾಡಿದರು. ಆಹಾರ ಸೇವನೆಯ ಅಸ್ವಸ್ಥತೆಯ ಅಪಾಯದ ಮಟ್ಟ ದಾಟಿದವರು ಶೇ 12.7ರಿಂದ ಶೇ 29.2ಕ್ಕೆ ಏರಿದ್ದರು. ತೂಕ ಇಳಿಸಲು ತಾವಾಗಿ ವಾಂತಿ ಮಾಡಿಕೊಳ್ಳುವವರು ಮೊದಲ ಸಮೀಕ್ಷೆಯಲ್ಲಿ ಒಬ್ಬರೂ ಇರಲಿಲ್ಲ, ಎರಡನೆಯದರಲ್ಲಿ ಶೇ 11.3. ಎರಡೂ ಬಾರಿ ಸಿಕ್ಕವರು ಬೇರೆಬೇರೆ ಹುಡುಗಿಯರು, ಗುಂಪುಗಳೂ ಅರವತ್ತು ಚಿಲ್ಲರೆ ಮಂದಿಯವು; ಆದ್ದರಿಂದ ಎಲ್ಲವನ್ನೂ ಟಿವಿಯ ತಲೆಗೆ ಕಟ್ಟಲಾಗದು. ನನಗೆ ಅಂಕಿಗಳಿಗಿಂತ ಮುಖ್ಯವಾಗಿ ಕಂಡದ್ದು ಹುಡುಗಿಯರು ಕೊಟ್ಟ ಕಾರಣ. ಪರದೆಯ ಮೇಲಿನ ತೆಳ್ಳಗಿನ ಹೆಂಗಸರಿಗೆ ಉದ್ಯೋಗವಿತ್ತು, ಹಣವಿತ್ತು, ಸ್ವಾತಂತ್ರ್ಯವಿತ್ತು. ಹುಡುಗಿಯರು ಬಯಸಿದ್ದು ಆ ಬದುಕನ್ನು. ಮೈ ಅದಕ್ಕೆ ಪ್ರವೇಶಪತ್ರದಂತೆ ಕಂಡಿತು. ಜಾಹೀರಾತು ಯಾವಾಗಲೂ ಹೀಗೆಯೇ ಎರಡನ್ನು ಒಟ್ಟಿಗೆ ಕಟ್ಟಿ ಕೊಡುತ್ತದೆ.

ಕ್ರಮೇಣ ಹೊರಗಿನವರ ಕಣ್ಣು ಹೆಣ್ಣಿನ ಒಳಗೇ ನೆಲೆಸುತ್ತದೆ. ಯಾರೂ ನೋಡದಿದ್ದಾಗಲೂ ಅವಳು ತನ್ನನ್ನು ಹೊರಗಿನಿಂದ ನೋಡಿಕೊಳ್ಳುತ್ತಿರುತ್ತಾಳೆ. ಕೂತಾಗ ಹೊಟ್ಟೆ ಕಾಣುತ್ತಿದೆಯೇ, ನಕ್ಕಾಗ ಗಲ್ಲ ಎರಡಾಗುತ್ತಿದೆಯೇ? ಮನಶ್ಶಾಸ್ತ್ರಜ್ಞೆಯರಾದ ಬಾರ್ಬರಾ ಫ್ರೆಡ್ರಿಕ್ಸನ್ ಮತ್ತು ಟಾಮಿ-ಆ್ಯನ್ ರಾಬರ್ಟ್ಸ್ 1997ರಲ್ಲಿ ಇದನ್ನು ಸಿದ್ಧಾಂತವಾಗಿ ಮಂಡಿಸಿದರು. ಮರುವರ್ಷ ಫ್ರೆಡ್ರಿಕ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಕನ್ನಡಿಯಿರುವ ಕೋಣೆಗೆ ಕಳಿಸಿ, ಕೆಲವರಿಗೆ ಈಜುಡುಗೆ, ಕೆಲವರಿಗೆ ಸ್ವೆಟರ್ ತೊಡಿಸಿ, ಅದೇ ಉಡುಪಿನಲ್ಲಿ ಗಣಿತದ ಪರೀಕ್ಷೆ ಬರೆಸಲಾಯಿತು. ಈಜುಡುಗೆ ತೊಟ್ಟ ಯುವತಿಯರು ಸ್ವೆಟರ್ ತೊಟ್ಟವರಿಗಿಂತ ಕಡಿಮೆ ಅಂಕ ಪಡೆದರು. ಯುವಕರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ ಎಂಬುದನ್ನು ಗಮನಿಸಿ.

ಪತ್ರಿಕೆ, ಫಿಲ್ಮು, ಫೋನು

ಜಾಹೀರಾತಿನ ಪ್ರಭಾವ ಜಾಹೀರಾತಿನ ಚೌಕಟ್ಟಿನೊಳಗೇ ಇದ್ದಿದ್ದರೆ ಪುಟ ತಿರುಗಿಸಿ ಪಾರಾಗಬಹುದಿತ್ತು. ಮಹಿಳಾ ಪತ್ರಿಕೆಗಳ ಆದಾಯ ಸೌಂದರ್ಯವರ್ಧಕಗಳಿಂದ ಬರುತ್ತಿದ್ದುದರಿಂದ ಲೇಖನಗಳೂ ಅದಕ್ಕೆ ಹೊಂದಿಕೊಂಡವು. ತುಟಿಬಣ್ಣದ ಜಾಹೀರಾತಿನ ಪಕ್ಕದಲ್ಲಿ ತುಟಿಬಣ್ಣ ಹಚ್ಚುವ ಬಗೆಯ ಲೇಖನ ಬೇಕೆಂದು ಜಾಹೀರಾತುದಾರರು ಕೇಳುವುದು ವಾಡಿಕೆಯಾಗಿತ್ತು. ಗ್ಲೋರಿಯಾ ಸ್ಟೈನೆಮ್ ಸ್ಥಾಪಕಿಯರಲ್ಲಿ ಒಬ್ಬರಾಗಿದ್ದ ಅಮೆರಿಕದ ಸ್ತ್ರೀವಾದಿ ಪತ್ರಿಕೆ 'ಮಿಸ್' ಈ ಒತ್ತಡದೊಂದಿಗೆ ವರ್ಷಗಟ್ಟಲೆ ಗುದ್ದಾಡಿ, ಕೊನೆಗೆ 1990ರಲ್ಲಿ ಜಾಹೀರಾತೇ ಇಲ್ಲದೆ ಬರಲು ಶುರುಮಾಡಿತು.

ಕ್ಯಾಮೆರಾ ಕೂಡ ತಟಸ್ಥವಾಗಿರಲಿಲ್ಲ. ಕೊಡಾಕ್ ಕಂಪನಿ ಫೋಟೊ ಲ್ಯಾಬುಗಳಿಗೆ ಬಣ್ಣ ಹೊಂದಿಸಲು ಕಳಿಸುತ್ತಿದ್ದ 'ಶರ್ಲಿ ಕಾರ್ಡು'ಗಳಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿ ಮೈಯ ಮಹಿಳೆಯ ಚಿತ್ರ. ಅವಳ ಮುಖ ಸರಿಯಾಗಿ ಬಂದರೆ ಬಣ್ಣ ಸರಿ ಎಂದರ್ಥ. ಕಪ್ಪು ಮೈಯವರು ಫೋಟೊದಲ್ಲಿ ಮಸುಕಾಗಿ ಕಂಡರೆ ತಪ್ಪು ಫಿಲ್ಮಿನದು ಎಂದು ಹೆಚ್ಚಿನವರಿಗೆ ಹೊಳೆಯುತ್ತಿರಲಿಲ್ಲ.

ಫೋನು ಬಂದ ಮೇಲೆ ಆದ ದೊಡ್ಡ ಬದಲಾವಣೆ ಎಂದರೆ ಹೋಲಿಕೆಗೆ ಬೇರೆ ಸುಂದರಿಯೇ ಬೇಕಿಲ್ಲ. ಫಿಲ್ಟರ್ ಹಾಕಿದ ನನ್ನ ಮುಖವೇ ನನ್ನ ಎದುರಾಳಿ. 2023ರಲ್ಲಿ ಟಿಕ್‌ಟಾಕ್‌ನಲ್ಲಿ ಬಂದ 'ಬೋಲ್ಡ್ ಗ್ಲಾಮರ್' ಫಿಲ್ಟರ್ ಮುಖದ ಮುಂದೆ ಕೈ ಆಡಿಸಿದರೂ ಅಳ್ಳಾಡುತ್ತಿರಲಿಲ್ಲ. ಇದು ಫಿಲ್ಟರ್ ಎಂಬ ಸುಳಿವೂ ಸಿಗುತ್ತಿರಲಿಲ್ಲ. ಪ್ಲಾಸ್ಟಿಕ್ ಸರ್ಜನ್‌ಗಳ ಬಳಿಗೆ ನಟಿಯರ ಫೋಟೊ ತರುತ್ತಿದ್ದ ಕಾಲ ಹೋಗಿ, ತಮ್ಮದೇ ತಿದ್ದಿದ ಸೆಲ್ಫಿ ತರುವ ಕಾಲ ಬಂದಿರುವುದನ್ನು ಅಮೆರಿಕದ ಚರ್ಮವೈದ್ಯರು 2018ರಲ್ಲೇ ದಾಖಲಿಸಿದ್ದರು. ಇನ್‌ಸ್ಟಾಗ್ರಾಂ ನಡೆಸುವ ಕಂಪನಿಗೆ ಇದೆಲ್ಲ ತಿಳಿಯದೇ ಇರಲಿಲ್ಲ. 2021ರಲ್ಲಿ ಅದರ ಮಾಜಿ ಉದ್ಯೋಗಿ ಫ್ರಾನ್ಸಿಸ್ ಹಾಗನ್ ಬಯಲಿಗೆ ತಂದ ಒಳದಾಖಲೆಗಳ ಪ್ರಕಾರ, ತಮ್ಮ ದೇಹದ ಬಗ್ಗೆ ಬೇಸರವಾದಾಗ ಇನ್‌ಸ್ಟಾಗ್ರಾಂ ಆ ಬೇಸರವನ್ನು ಹೆಚ್ಚಿಸುತ್ತದೆ ಎಂದು ಹದಿಹರೆಯದ ಹುಡುಗಿಯರಲ್ಲಿ ಶೇ 32 ಮಂದಿ ಹೇಳಿದ್ದರು. ಕೇಳಿದ್ದು ಕಂಪನಿಯ ಸ್ವಂತ ಸಂಶೋಧಕರೇ.

ಬಂಡಾಯಕ್ಕೂ ಬೆಲೆಪಟ್ಟಿ

ಇಷ್ಟಾದರೂ ಜಾಹೀರಾತನ್ನು ಬರೀ ಹೆದರಿಸುವ ದನಿ ಎಂದುಕೊಂಡರೆ ಅದರ ಜಾಣತನವನ್ನು ಕಡಿಮೆ ಅಂದಾಜು ಮಾಡಿದಂತೆ. ಹೆಣ್ಣಿನ ಪರವಾಗಿ ಮಾತಾಡುವುದನ್ನೂ ಅದು ಬಹಳ ಹಿಂದೆಯೇ ಕಲಿತಿದೆ. 1928ರಲ್ಲಿ ಲಕಿ ಸ್ಟ್ರೈಕ್ ಸಿಗರೇಟು ಕಂಪನಿ 'ಸಿಹಿ ತಿನ್ನುವ ಬದಲು ಒಂದು ಲಕಿ ಸೇದಿ' ಎಂದು ತೂಕದ ಭಯವನ್ನು ಬಳಸಿಕೊಂಡಿತು. ಮರುವರ್ಷ ಅದೇ ಕಂಪನಿಗೆ ಕೆಲಸ ಮಾಡುತ್ತಿದ್ದ ಪ್ರಚಾರ ತಜ್ಞ ಎಡ್ವರ್ಡ್ ಬರ್ನೇಸ್, ನ್ಯೂಯಾರ್ಕಿನ ಈಸ್ಟರ್ ಮೆರವಣಿಗೆಯಲ್ಲಿ ಯುವತಿಯರು ಬಹಿರಂಗವಾಗಿ ಸಿಗರೇಟು ಹಚ್ಚುವಂತೆ ಏರ್ಪಾಡು ಮಾಡಿ, ಆ ಸಿಗರೇಟುಗಳನ್ನು 'ಸ್ವಾತಂತ್ರ್ಯದ ಪಂಜುಗಳು' ಎಂದು ಸುದ್ದಿ ಮಾಡಿಸಿದ. ಒಂದು ಕೈಯಲ್ಲಿ ತೆಳ್ಳಗಾಗುವ ಒತ್ತಡ, ಇನ್ನೊಂದು ಕೈಯಲ್ಲಿ ವಿಮೋಚನೆ. ಮಾರಾಟವಾದದ್ದು ಒಂದೇ ಸಿಗರೇಟು.

2004ರಲ್ಲಿ ಡವ್ ಸೋಪಿನ 'ನಿಜವಾದ ಸೌಂದರ್ಯ' ಅಭಿಯಾನ ಬೇರೆಬೇರೆ ಮೈಕಟ್ಟಿನ, ವಯಸ್ಸಿನ ಸಾಮಾನ್ಯ ಮಹಿಳೆಯರನ್ನು ತೋರಿಸಿತು. ಅದರಿಂದ ಎಷ್ಟೋ ಮಹಿಳೆಯರಿಗೆ ನಿರಾಳವೆನಿಸಿದ್ದು ಸುಳ್ಳಲ್ಲ, ಅದನ್ನು ನಾನು ಲೇವಡಿ ಮಾಡಲಾರೆ. ಆದರೆ ಡವ್ ಯೂನಿಲಿವರ್ ಕಂಪನಿಯದು. 1975ರಲ್ಲಿ ಮಾರುಕಟ್ಟೆಗೆ ಬಂದ 'ಫೇರ್ ಆ್ಯಂಡ್ ಲವ್ಲಿ' ಕೂಡ ಅದರದೇ. ಒಂದು ಬ್ರ್ಯಾಂಡು 'ಹೇಗಿದ್ದೀಯೋ ಹಾಗೇ ಚೆಂದ' ಎನ್ನುತ್ತಿದ್ದಾಗ ಇನ್ನೊಂದು, ಬೆಳ್ಳಗಾದರೆ ಕೆಲಸವೂ ಸಿಗುತ್ತದೆ ವರನೂ ಸಿಗುತ್ತಾನೆ ಎಂಬ ಕಥೆ ಹೇಳುತ್ತಿತ್ತು. ಜನಾಂಗೀಯ ತಾರತಮ್ಯದ ವಿರುದ್ಧ ಜಗತ್ತಿನಾದ್ಯಂತ ಪ್ರತಿಭಟನೆಗಳೆದ್ದ 2020ರಲ್ಲಿ ಅದರ ಹೆಸರು 'ಗ್ಲೋ ಆ್ಯಂಡ್ ಲವ್ಲಿ' ಎಂದಾಯಿತು. ಡಬ್ಬಿ ಅಂಗಡಿಯಲ್ಲಿ ಉಳಿಯಿತು. ಇನ್ನೂ ಸೂಕ್ಷ್ಮವಾದ ಸಂಗತಿ ಎಂದರೆ, 'ನಿನ್ನ ದೇಹವನ್ನು ಪ್ರೀತಿಸು' ಎಂಬ ಸಂದೇಶವೂ ಹೆಣ್ಣಿನ ಗಮನವನ್ನು ಅವಳ ದೇಹದ ಮೇಲೆಯೇ ನಿಲ್ಲಿಸುತ್ತದೆ. ಪ್ರೀತಿಸಲಾಗದಿದ್ದರೆ ಅದು ಆತ್ಮವಿಶ್ವಾಸದ ಕೊರತೆ, ಅವಳದೇ ಇನ್ನೊಂದು ದೋಷ.

ಹಾಗಾದರೆ ಹೆಂಗಸರು ಯಾಕೆ ಕೊಳ್ಳುತ್ತಾರೆ?

ಮೋಸಹೋಗಿ ಎಂಬ ಉತ್ತರ ನನಗೆ ಒಪ್ಪಿಗೆಯಿಲ್ಲ. ಲೆಕ್ಕ ಹಾಕಿಯೇ ಕೊಳ್ಳುತ್ತಾರೆ. ನೋಡಲು ಚೆನ್ನಾಗಿರುವವರಿಗೆ ಸಂಬಳ ಹೆಚ್ಚು, ಇಲ್ಲದವರಿಗೆ ಶೇ 5ರಿಂದ 10ರಷ್ಟು ಕಡಿಮೆ ಎಂದು ಅರ್ಥಶಾಸ್ತ್ರಜ್ಞರಾದ ಡೇನಿಯಲ್ ಹ್ಯಾಮರ್ಮೆಶ್ ಮತ್ತು ಜೆಫ್ ಬಿಡಲ್ 1994ರಲ್ಲಿ ತೋರಿಸಿದರು. ಗಂಡಸರಿಗೂ ಈ ದಂಡ ತಪ್ಪಿಲ್ಲ. ಆದರೆ 2016ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಅಧ್ಯಯನ ಇದನ್ನು ಬಿಡಿಸಿ ನೋಡಿದಾಗ, ಮಹಿಳೆಯರ ವಿಷಯದಲ್ಲಿ ಈ ಲಾಭದ ಬಹುಪಾಲು ಬರುವುದು ಹುಟ್ಟಿನಿಂದ ಬಂದ ರೂಪದಿಂದಲ್ಲ, ಅಲಂಕಾರದಿಂದ ಎಂದು ಕಂಡಿತು. ಅಂದರೆ ಕೂದಲು, ಮೇಕಪ್, ಉಡುಪು. ಹೀಗಿರುವಾಗ ಮೇಕಪ್ಪಿಗೆ ಖರ್ಚು ಮಾಡುವ ಹೆಣ್ಣನ್ನು ಮರುಳು ಎನ್ನುವುದು ಹೇಗೆ? ಅವಳಿಗೆ ಅದು ಬಂಡವಾಳ.

ತೊಡಕು ಇರುವುದು ಎಲ್ಲರೂ ಆ ಬಂಡವಾಳ ಹೂಡಿದಾಗ. ಸಭೆಯಲ್ಲಿ ಮುಂದಿನ ಸಾಲಿನವರು ಚೆನ್ನಾಗಿ ಕಾಣಲೆಂದು ಎದ್ದು ನಿಂತರೆ ಹಿಂದಿನವರೂ ನಿಲ್ಲಬೇಕಾಗುತ್ತದೆ. ಕಡೆಗೆ ಯಾರಿಗೂ ಹೆಚ್ಚು ಕಾಣುವುದಿಲ್ಲ, ಕಾಲು ನೋವು ಮಾತ್ರ ಎಲ್ಲರಿಗೂ. ಮೊದಲು ಮೇಕಪ್ ಹಾಕಿದವಳಿಗೆ ಸಿಕ್ಕ ಅನುಕೂಲ, ಎಲ್ಲರೂ ಹಾಕಿದ ಮೇಲೆ ಮಾಯವಾಗಿ, ಹಾಕದವಳಿಗೆ ದಂಡವಾಗಿ ಉಳಿಯುತ್ತದೆ. ಅಮೆರಿಕದ ನೆವಾಡಾ ರಾಜ್ಯದ ಕ್ಯಾಸಿನೊ ಒಂದರ ಬಾರಿನಲ್ಲಿ ಇಪ್ಪತ್ತು ವರ್ಷ ಚೆನ್ನಾಗಿ ಕೆಲಸ ಮಾಡಿದ್ದ ಮಹಿಳೆಯೊಬ್ಬರು, ಹೊಸದಾಗಿ ಬಂದ ಮೇಕಪ್ ನಿಯಮಕ್ಕೆ ಒಪ್ಪದೆ ಕೆಲಸ ಕಳೆದುಕೊಂಡರು. ಮೊಕದ್ದಮೆ ಹೂಡಿದರು. 2006ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಕ್ಯಾಸಿನೊ ಪರವಾಗಿ ತೀರ್ಪು ಕೊಟ್ಟಿತು. ಒಂದು ಕಾಲದಲ್ಲಿ ಜಾಹೀರಾತು ಆಮಿಷವಾಗಿ ತೋರಿಸಿದ್ದು ಇಲ್ಲಿ ನೌಕರಿಯ ಷರತ್ತು.

ಖರ್ಚಿನಲ್ಲೂ ತಾರತಮ್ಯವಿದೆ. ನ್ಯೂಯಾರ್ಕ್ ನಗರದ ಗ್ರಾಹಕ ವ್ಯವಹಾರಗಳ ಇಲಾಖೆ 2015ರಲ್ಲಿ ಸುಮಾರು 800 ಸರಕುಗಳನ್ನು ಹೋಲಿಸಿದಾಗ, ಹೆಂಗಸರಿಗೆಂದು ಮಾರುವ ವಸ್ತುಗಳು ಗಂಡಸರ ಅಂಥದೇ ವಸ್ತುಗಳಿಗಿಂತ ಸರಾಸರಿ ಶೇ 7ರಷ್ಟು, ಶಾಂಪೂ-ರೇಜರ್‌ನಂಥ ವೈಯಕ್ತಿಕ ಬಳಕೆಯ ವಸ್ತುಗಳಲ್ಲಿ ಶೇ 13ರಷ್ಟು ದುಬಾರಿಯಾಗಿದ್ದವು.

ಕೆಲವು ಸರ್ಕಾರಗಳು ಚಿತ್ರಗಳನ್ನು ನಿಯಂತ್ರಿಸಲು ಹೊರಟಿವೆ. ಇಸ್ರೇಲ್ 2013ರಿಂದ ಅತಿ ಕಡಿಮೆ ತೂಕದ ಮಾಡೆಲ್‌ಗಳನ್ನು ಜಾಹೀರಾತಿನಲ್ಲಿ ಬಳಸದಂತೆ ತಡೆದಿದೆ. ಮಾಡೆಲ್‌ನ ಮೈಕಟ್ಟು ತಿದ್ದಿದ ಜಾಹೀರಾತು ಚಿತ್ರದ ಮೇಲೆ 'ತಿದ್ದಿದ ಫೋಟೊ' ಎಂದು ಬರೆಯಬೇಕೆಂಬ ನಿಯಮ ಫ್ರಾನ್ಸ್‌ನಲ್ಲಿ 2017ರ ಅಕ್ಟೋಬರ್‌ನಲ್ಲಿ ಜಾರಿಯಾಯಿತು. ನಾರ್ವೆ 2022ರಲ್ಲಿ ಅಂಥದೇ ಗುರುತನ್ನು ಹಣ ಪಡೆದು ಪೋಸ್ಟ್ ಹಾಕುವ ಇನ್‌ಫ್ಲುಯೆನ್ಸರ್‌ಗಳಿಗೂ ಕಡ್ಡಾಯ ಮಾಡಿತು. ಉದ್ದೇಶ ಒಳ್ಳೆಯದು. ಆದರೆ ಇಂಥ ಲೇಬಲ್‌ಗಳ ಪರಿಣಾಮವನ್ನು ಪರೀಕ್ಷಿಸಿದ ಪ್ರಯೋಗಗಳಲ್ಲಿ ಹೆಚ್ಚಿನವು ನಿರಾಶೆಯನ್ನೇ ಕಂಡಿವೆ. ಚಿತ್ರ ತಿದ್ದಿದ್ದು ಎಂದು ಓದಿದ ಮೇಲೂ ಅದನ್ನು ನೋಡಿದ ಮಹಿಳೆಯರ ಅತೃಪ್ತಿ ಕಡಿಮೆಯಾಗಲಿಲ್ಲ. ಗೊತ್ತಿರುವುದಕ್ಕೂ ಅನ್ನಿಸುವುದಕ್ಕೂ ನಡುವಿನ ಆ ಕಂದಕವನ್ನು ಒಂದು ಸಾಲಿನ ಎಚ್ಚರಿಕೆ ತುಂಬಲಾರದು.

ಅಷ್ಟರಲ್ಲಿ ಕಾನೂನಿನ ಕಾಲಡಿಯ ನೆಲವೇ ಸರಿದಿದೆ. ಈ ನಿಯಮಗಳೆಲ್ಲ ಒಬ್ಬಳು ನಿಜವಾದ ಹೆಣ್ಣಿದ್ದಾಳೆ, ಅವಳ ಫೋಟೊವನ್ನು ಯಾರೋ ತಿದ್ದಿದ್ದಾರೆ ಎಂಬ ಕಲ್ಪನೆಯ ಮೇಲೆ ನಿಂತವು. 2025ರಲ್ಲಿ ಅಮೆರಿಕದ 'ವೋಗ್' ಸಂಚಿಕೆಯಲ್ಲಿ ಗೆಸ್ ಉಡುಪಿನ ಕಂಪನಿಯ ಜಾಹೀರಾತೊಂದು ಬಂತು. ಅದರಲ್ಲಿದ್ದ ಹೊಂಬಣ್ಣದ ಕೂದಲಿನ ಚೆಲುವೆಯನ್ನು ಕೃತಕ ಬುದ್ಧಿಮತ್ತೆಯಿಂದ ಸೃಷ್ಟಿಸಲಾಗಿತ್ತು; ಮೂಲೆಯಲ್ಲಿ ಸಣ್ಣ ಅಕ್ಷರಗಳಲ್ಲಿ ಹಾಗೆಂದು ಬರೆದಿತ್ತು. ಅವಳ ಸೊಂಟವನ್ನು ಯಾರೂ ಸಣ್ಣದು ಮಾಡಿರಲಿಲ್ಲ, ಚರ್ಮವನ್ನು ಯಾರೂ ನುಣುಪು ಮಾಡಿರಲಿಲ್ಲ. ತಿದ್ದುವುದಕ್ಕೆ ಮೊದಲಿನ ಚಿತ್ರ ಎಂಬುದೇ ಅಲ್ಲಿರಲಿಲ್ಲ.